ಬಿಳಿ ಹಲ್ಲಿಗೆ ಎಷ್ಟು ಡಾಲರ್?

ಹಲ್ಲುಜ್ಜುವ ಪೇಸ್ಟಿಗೂ ನ್ಯೂಜೆರ್ಸಿಯ ನಡುಭಾಗಕ್ಕೂ ಹತ್ತಿರದ ನಂಟಿದೆ. ಮಾನ್ಮತ್ ಜಂಕ್ಷನ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ ಪಿಸ್ಕಾಟವೇ. ಕೋಲ್ಗೇಟ್ ಕಂಪನಿಯ ಸಂಶೋಧನಾ ಕೇಂದ್ರ ಅಲ್ಲಿದೆ. ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಯೂಯಿಂಗ್; ಅಡುಗೆ ಸೋಡಾ ಬೆರೆಸಿದ ಆರ್ಮ್ ಅಂಡ್ ಹ್ಯಾಮರ್ ಪೇಸ್ಟು ಮಾರುವ ಚರ್ಚ್ ಅಂಡ್ ಡ್ವೈಟ್ ಸಂಸ್ಥೆಯ ಮುಖ್ಯ ಕಚೇರಿ ಅಲ್ಲಿದೆ. ಇವೆರಡರ ನಡುವೆ ಹಾದುಹೋಗುವ ರೂಟ್ 1ರ ಆಸುಪಾಸಿನ ಅಂಗಡಿ ಸಾಲುಗಳಲ್ಲಿ ಭಾರತೀಯ ದಿನಸಿ ಅಂಗಡಿ, ದೋಸೆಯ ಹೋಟೆಲು, ತೆರಿಗೆ ಲೆಕ್ಕ ಬರೆದುಕೊಡುವವರ ಕಚೇರಿ, ಪಕ್ಕದಲ್ಲೇ ಒಂದು ಹಲ್ಲಿನ ಕ್ಲಿನಿಕ್ಕು. ಕ್ಲಿನಿಕ್ಕಿನ ಗಾಜಿಗೆ ಅಂಟಿಸಿದ ನಗುಮುಖದ ಕೆಳಗೆ ಹಲ್ಲು ಬೆಳ್ಳಗೆ ಮಾಡುವ ಚಿಕಿತ್ಸೆಯ ದರ.

ಮಾನ್ಮತ್ ಜಂಕ್ಷನ್ ಒಂದು ಕಾಲಕ್ಕೆ ರೈಲು ಹಳಿಗಳು ಕವಲೊಡೆಯುತ್ತಿದ್ದ ಸಣ್ಣ ನಿಲ್ದಾಣದ ಊರು. ಈಗ ಅದು ಸೌತ್ ಬ್ರನ್ಸ್‌ವಿಕ್ ಟೌನ್‌ಶಿಪ್‌ಗೆ ಸೇರಿದ, ಭಾರತೀಯ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಬಡಾವಣೆಗಳ ಊರು. ಸಾಫ್ಟ್‌ವೇರ್, ಔಷಧ ಕಂಪನಿಗಳ ಕೆಲಸಕ್ಕೆಂದು ಬಂದ ಕನ್ನಡಿಗರೂ ಇಲ್ಲಿದ್ದಾರೆ. ನ್ಯೂಜೆರ್ಸಿಯ ಬೃಂದಾವನ ಕನ್ನಡ ಕೂಟದ ಹಬ್ಬದೂಟದಲ್ಲಿ ಫೋಟೋ ತೆಗೆಸಿಕೊಳ್ಳುವಾಗ, ಕಚೇರಿಯ ವಿಡಿಯೋ ಸಭೆಯಲ್ಲಿ ತಮ್ಮದೇ ಮುಖ ನೋಡಿಕೊಳ್ಳುವಾಗ ಬಾಯಿ ಮುಚ್ಚಿ ನಗುವವರು ಅವರಲ್ಲಿ ಕಡಿಮೆಯೇನಲ್ಲ. ಸುತ್ತ ಇರುವವರ ಹಲ್ಲು ಹೊಳೆಯುತ್ತಿರುವಾಗ ತಮ್ಮದರ ಹಳದಿ ಎದ್ದು ಕಾಣುತ್ತದೆ. ಹಲ್ಲಿಗೆ ಅಂಟಿಸಿಕೊಳ್ಳುವ ಇಪ್ಪತ್ತು ಡಾಲರಿನ ಪಟ್ಟಿಯಿಂದ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಮಾಡಿಸಿಕೊಳ್ಳುವ ಸಾವಿರ ಡಾಲರಿನ ಚಿಕಿತ್ಸೆಯವರೆಗೆ ದಾರಿಗಳು ಹಲವು ಇರುವುದರಿಂದ ಯಾವುದನ್ನು ಹಿಡಿಯಬೇಕೆಂಬ ಗೊಂದಲವೂ ಅಷ್ಟೇ ದೊಡ್ಡದು.

ದಾರಿ ಹುಡುಕುವ ಮೊದಲು ಹಲ್ಲು ಯಾಕೆ ಹಳದಿಯಾಯಿತು ಎಂದು ಕೇಳಬೇಕು. ಈ ಪ್ರಶ್ನೆಯನ್ನು ಬಿಟ್ಟು ನೇರವಾಗಿ ಬೆಲೆಗೆ ಇಳಿದವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು.

ಹಲ್ಲಿನ ಹೊರಪದರ ಎನಾಮೆಲ್. ದವಡೆ ಹಲ್ಲಿನ ತುದಿಯಲ್ಲಿ ಅದರ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಅದರೊಳಗೆ ಸಹಜವಾಗಿಯೇ ಹಳದಿಯಾದ ಡೆಂಟಿನ್. ಎನಾಮೆಲ್ ಅರೆಪಾರದರ್ಶಕವಾದ್ದರಿಂದ ತೆಳು ಬಿಳಿ ಪರದೆಯ ಹಿಂದಿನ ಹಳದಿ ಗೋಡೆ ಕಂಡಂತೆ ಡೆಂಟಿನ್‌ನ ಬಣ್ಣ ಹೊರಗೆ ತೋರುತ್ತದೆ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಹಳದಿಗೆ ತಿರುಗುತ್ತದೆ. ಇದು ರೋಗವಲ್ಲ, ಉಜ್ಜುವುದರಲ್ಲಿ ಸೋಮಾರಿತನವೂ ಅಲ್ಲ. ಆರೋಗ್ಯವಂತ ಹಲ್ಲು ಕಾಗದದಷ್ಟು ಬೆಳ್ಳಗೆ ಇರುವುದೇ ಇಲ್ಲ.

ಇನ್ನೊಂದು ಬಗೆಯ ಕಲೆ ಹೊರಗಿನಿಂದ ಬರುವಂಥದ್ದು. ಫಿಲ್ಟರ್ ಕಾಫಿ, ಚಹಾ, ಅರಿಸಿನ, ಎಲೆ-ಅಡಿಕೆ, ಹೊಗೆಸೊಪ್ಪು, ದ್ರವರೂಪದ ಕಬ್ಬಿಣದ ಟಾನಿಕ್ಕು, ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ತೊಳೆಯುವ ದ್ರಾವಣ ಇವೆಲ್ಲ ಹಲ್ಲಿನ ಮೇಲ್ಮೈಯಲ್ಲೂ ಅಲ್ಲಿ ಕಟ್ಟಿಕೊಂಡ ಪಾಚಿ, ಕಿಟ್ಟದ ಮೇಲೂ ಬಣ್ಣ ಬಿಡುತ್ತವೆ. ಇಂಥ ಕಲೆಗೆ ಬಿಳುಪು ಚಿಕಿತ್ಸೆಯೇ ಬೇಕಿಲ್ಲ. ಒಂದು ಒಳ್ಳೆಯ ಕ್ಲೀನಿಂಗ್ ಸಾಕು. ಅಮೆರಿಕದ ಬಹುತೇಕ ಡೆಂಟಲ್ ವಿಮೆಗಳು ವರ್ಷಕ್ಕೆ ಎರಡು ಕ್ಲೀನಿಂಗ್‌ನ ಖರ್ಚು ಕೊಡುತ್ತವೆ. ವಿಮೆ ಇಲ್ಲದವರಿಗೆ ನೂರರಿಂದ ಇನ್ನೂರು ಡಾಲರ್ ಬೀಳಬಹುದು. ಕ್ಲೀನಿಂಗ್ ಮುಗಿದ ಮೇಲೆ ಕನ್ನಡಿ ನೋಡಿಕೊಂಡು, ಇಷ್ಟೇ ಸಾಕು ಎಂದು ಎದ್ದುಹೋಗುವವರು ಉಂಟು. ಹಾಗೆ ಎದ್ದುಹೋಗುವುದು ಜಾಣತನ.

ಮೂರನೆಯ ಬಗೆಯ ಕಲೆ ಕರ್ನಾಟಕದಿಂದಲೇ ಜತೆಗೆ ಬಂದದ್ದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಸುಣ್ಣ ಬಳಿದಂಥ ಮಚ್ಚೆ, ಕಂದು ಪಟ್ಟೆ ಕಾಣುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆಳದ ಬೋರ್‌ವೆಲ್ಲುಗಳಲ್ಲಿ ಅದು ಎಷ್ಟೋ ಕಡೆ ಮೀರಿದೆ. ಅಮೆರಿಕದಲ್ಲಿ ಹುಳುಕು ತಡೆಯಲೆಂದು ನೀರಿಗೆ ಫ್ಲೋರೈಡ್ ಬೆರೆಸುವ ಕಡೆ 2015ರಿಂದ ಶಿಫಾರಸಾಗಿರುವ ಪ್ರಮಾಣ 0.7 ಮಿಲಿಗ್ರಾಂ ಮಾತ್ರ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗಿನ ಕಾಲದಲ್ಲಿ ಹೆಚ್ಚಿನ ಫ್ಲೋರೈಡ್ ದೇಹ ಸೇರಿದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆ ಕಲೆ ಹಲ್ಲಿನ ಮೇಲೆ ಕೂತದ್ದಲ್ಲ, ಹಲ್ಲಿನೊಳಗೇ ಹುಟ್ಟಿದ್ದು.

ಈ ಕಲೆಯ ಗುಟ್ಟು ಬಯಲಾದದ್ದೂ ಅಮೆರಿಕದಲ್ಲೇ. ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದಾಗ ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಕಂದು ಕಲೆ ಕಂಡು ಬೆರಗಾದ. ಮೂವತ್ತು ವರ್ಷ ಅದರ ಬೆನ್ನು ಹತ್ತಿದ. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ನೀರನ್ನು ಪರೀಕ್ಷಿಸಿ, ಕಾರಣ ಫ್ಲೋರೈಡ್ ಎಂದು ತೋರಿಸಿಕೊಟ್ಟ. ಹಾಗಾಗಿ ಪಾವಗಡದ ಹಲ್ಲನ್ನು ಬೇರೆ ದೇಶದ ವೈದ್ಯರಿಗೆ ತೋರಿಸಲು ಯಾರೂ ಸಂಕೋಚಪಡಬೇಕಿಲ್ಲ. ಚಿಕ್ಕಂದಿನಲ್ಲಿ ಕುಡಿದ ನೀರು ಯಾವ ಊರಿನದೆಂದು ಮೊದಲೇ ಹೇಳಿಬಿಟ್ಟರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಬರೀ ಬಿಳುಪಿನ ಜೆಲ್ ಹಚ್ಚಿದರೆ ಕಂದು ಬಣ್ಣ ಮಾಸಬಹುದು, ಆದರೆ ಸುಣ್ಣದ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣುವುದೂ ಉಂಟು. ಅದಕ್ಕೆ ಆಮ್ಲ ಮತ್ತು ಪ್ಯೂಮಿಸ್ ಪುಡಿಯಿಂದ ಮೇಲ್ಪದರವನ್ನು ಕೂದಲೆಳೆಯಷ್ಟು ತೀಡಿ ತೆಗೆಯುವ ವಿಧಾನ ಇದೆ. ಮಚ್ಚೆಯ ಸೂಕ್ಷ್ಮ ರಂಧ್ರಗಳಿಗೆ ರೆಸಿನ್ ಇಳಿಸಿ ಬಣ್ಣ ಸರಿದೂಗಿಸುವ ವಿಧಾನವೂ ಇದೆ. ಎರಡೂ ನುರಿತ ಕೈ ಬೇಡುವಂಥವು.

ಟೆಟ್ರಾಸೈಕ್ಲಿನ್ ಕಥೆಯೂ ಇದೇ ಸಾಲಿನದು. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಮಕ್ಕಳ ಜ್ವರಕ್ಕೂ ಈ ಔಷಧ ಕೊಡುತ್ತಿದ್ದರು. ಬೆಳೆಯುವ ಹಲ್ಲಿನಲ್ಲಿ ಅದು ಸೇರಿಕೊಂಡು ಬೂದು, ಕಂದು ಪಟ್ಟೆ ಉಳಿಸುತ್ತದೆ. ಇಂಥ ಹಲ್ಲು ತಿಳಿಯಾಗಲು ರಾತ್ರಿ ಬಿಳುಪಿನ ಜೆಲ್ ತುಂಬಿದ ಅಚ್ಚು, ಅಂದರೆ ಟ್ರೇ, ಹಾಕಿಕೊಂಡು ತಿಂಗಳುಗಟ್ಟಲೆ ಕಾಯಬೇಕು. ಒಂದೇ ಬಾರಿಗೆ ಬೆಳ್ಳಗಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು.

ಇನ್ನು ದಾರಿಗಳಿಗೆ ಬರೋಣ. ನಮ್ಮ ಅಜ್ಜ-ಅಜ್ಜಿಯರ ಕೈಯಲ್ಲಿ ಬೇವಿನ ಕಡ್ಡಿ, ಉಪ್ಪು, ಇದ್ದಿಲು ಪುಡಿ ಇದ್ದವು. 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಹಳೇ ಮೈಸೂರಿನ ಮನೆ ಮನೆಯ ಬಚ್ಚಲಲ್ಲಿತ್ತು. ಈಗ ಅದೇ ಇದ್ದಿಲು ಅಮೆರಿಕದ ಅಂಗಡಿಯಲ್ಲಿ ಕಪ್ಪು ಪೇಸ್ಟಾಗಿ, ಚೆಂದದ ಕೊಳವೆಯಲ್ಲಿ ಕೂತಿದೆ. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ವಿಮರ್ಶೆಯೊಂದು ಇದ್ದಿಲಿನ ಹಲ್ಲುಪುಡಿ, ಪೇಸ್ಟುಗಳ ಮೇಲಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಅವು ಸುರಕ್ಷಿತವೆಂದಾಗಲಿ ಬೆಳ್ಳಗೆ ಮಾಡುತ್ತವೆಂದಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿತು. ಒರಟು ಪುಡಿಯಿಂದ ದಿನವೂ ತಿಕ್ಕಿದರೆ ಎನಾಮೆಲ್ ಸವೆದು, ಒಳಗಿನ ಹಳದಿ ಇನ್ನಷ್ಟು ಢಾಳಾಗುತ್ತದೆ. ನಿಂಬೆರಸ ಹಚ್ಚುವುದು ಇನ್ನೂ ಕೆಟ್ಟದ್ದು. ಆಮ್ಲ ಎನಾಮೆಲನ್ನು ನೇರವಾಗಿ ಕರಗಿಸುತ್ತದೆ, ಕರಗಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅಡುಗೆ ಸೋಡಾ ಮಾತ್ರ ಮೃದು. ಯೂಯಿಂಗ್‌ನ ಆ ಸೋಡಾ ಪೇಸ್ಟಾಗಲಿ, ಬಿಳುಪಿನ ಹೆಸರು ಹೊತ್ತ ಬೇರೆ ಪೇಸ್ಟುಗಳಾಗಲಿ ಹೆಚ್ಚಾಗಿ ಮಾಡುವುದು ಮೇಲಿನ ಕಲೆ ತೆಗೆಯುವ ಕೆಲಸ. ಕೆಲವು ಪೇಸ್ಟುಗಳಲ್ಲಿ ತುಸು ನೀಲಿ ಬಣ್ಣ ಸೇರಿಸಿ ಹಳದಿ ಕಣ್ಣಿಗೆ ಮರೆಯಾಗುವಂತೆ ಮಾಡಿರುತ್ತಾರೆ. ಐದಾರು ಡಾಲರಿಗೆ ಇಷ್ಟು ಸಿಕ್ಕಿದರೆ ನಷ್ಟವೇನಿಲ್ಲ, ಆದರೆ ಹಲ್ಲಿನ ಒಳಬಣ್ಣ ಬದಲಾಗದು.

ಒಳಬಣ್ಣ ಬದಲಿಸುವುದು ಪೆರಾಕ್ಸೈಡ್. ಹೈಡ್ರೋಜನ್ ಪೆರಾಕ್ಸೈಡ್ ಎನಾಮೆಲಿನ ಮೂಲಕ ಒಳಕ್ಕಿಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಅಂಗಡಿಯ ಪಟ್ಟಿ, ವೈದ್ಯರು ಮಾಡಿಕೊಡುವ ಟ್ರೇ, ಕ್ಲಿನಿಕ್ಕಿನ ಕುರ್ಚಿ, ಮೂರರಲ್ಲೂ ಇರುವುದು ಇದೇ ರಾಸಾಯನಿಕ. ವ್ಯತ್ಯಾಸ ಇರುವುದು ಎಷ್ಟು ಗಾಢ, ಎಷ್ಟು ಹೊತ್ತು, ಯಾರ ಕಣ್ಣಳತೆಯಲ್ಲಿ ಎಂಬುದರಲ್ಲಿ.

ಅಂಗಡಿಯ ಪಟ್ಟಿಗಳು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕ್ರೆಸ್ಟ್ ವೈಟ್‌ಸ್ಟ್ರಿಪ್ಸ್ ಮೂಲಕ ಈ ಶತಮಾನದ ಆರಂಭದಲ್ಲಿ ಜನಪ್ರಿಯವಾದವು. ಇಪ್ಪತ್ತರಿಂದ ಅರವತ್ತು ಡಾಲರಿಗೆ ಒಂದು ಪೆಟ್ಟಿಗೆ. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯಂತೆ ಎರಡು ಮೂರು ವಾರ ಹಚ್ಚಬೇಕು. ಹಲ್ಲಿನ ಸಾಲು ನೆಟ್ಟಗಿದ್ದು, ವಸಡು ಗಟ್ಟಿಯಾಗಿದ್ದು, ಹುಳುಕಿಲ್ಲದವರಿಗೆ ಇವು ನಿಜಕ್ಕೂ ಕೆಲಸ ಮಾಡುತ್ತವೆ. ಹಲ್ಲು ಓರೆಕೋರೆ ಇದ್ದರೆ ಪಟ್ಟಿ ಸಂದುಗಳಿಗೆ ಅಂಟದೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ವಸಡಿನ ಮೇಲೆ ಜೆಲ್ ಹರಿದರೆ ಅಲ್ಲಿ ಬೆಳ್ಳಗೆ ಸುಟ್ಟಂತಾಗಿ ಉರಿಯುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ವಾಸಿ.

ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಪಟ್ಟು ಗೆದ್ದದ್ದು ಟ್ರೇ. ಅದು ಹುಟ್ಟಿದ್ದು ಆಕಸ್ಮಿಕವಾಗಿ. ಅರವತ್ತರ ದಶಕದ ಕೊನೆಯಲ್ಲಿ ಅರ್ಕಾನ್ಸಾ ರಾಜ್ಯದ ಫೋರ್ಟ್ ಸ್ಮಿತ್‌ನಲ್ಲಿ ಬಿಲ್ ಕ್ಲೂಸ್ಮಿಯರ್ ಎಂಬ ಆರ್ಥೊಡಾಂಟಿಸ್ಟ್, ರೋಗಿಯ ವಸಡಿನ ಗಾಯ ಮಾಯಲೆಂದು ಪೆರಾಕ್ಸೈಡ್ ಇರುವ ಔಷಧವನ್ನು ಹಲ್ಲಿನ ಅಚ್ಚಿನೊಳಗೆ ಹಾಕಿ ರಾತ್ರಿ ಧರಿಸಲು ಹೇಳಿದ. ವಸಡಿನ ಜೊತೆಗೆ ಹಲ್ಲೂ ತಿಳಿಯಾದದ್ದು ಅವನ ಗಮನಕ್ಕೆ ಬಂತು. 1989ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಹೇವುಡ್ ಮತ್ತು ಹೇಮನ್ ಈ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಸಿದ್ದು ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್. ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುವುದು ಸುಮಾರು ಶೇ. 3.5 ಮಾತ್ರ. ವೈದ್ಯರು ಹಲ್ಲಿನ ಅಚ್ಚು ತೆಗೆದು ವಸಡಿನ ಗೆರೆಗೆ ಸರಿಯಾಗಿ ಕತ್ತರಿಸಿದ ಮೆದು ಟ್ರೇ ಮಾಡಿಕೊಡುತ್ತಾರೆ. ಪ್ರತಿ ಹಲ್ಲಿನ ಗುಳಿಗೂ ಅಕ್ಕಿಕಾಳಿನಷ್ಟು ಜೆಲ್ ಹಾಕಿ ಮಲಗುವುದು, ಎದ್ದು ತೊಳೆಯುವುದು, ಎರಡರಿಂದ ನಾಲ್ಕು ವಾರ. ನ್ಯೂಜೆರ್ಸಿಯಲ್ಲಿ ಇದಕ್ಕೆ ಸುಮಾರು 250ರಿಂದ 500 ಡಾಲರ್. ಮುಂದೆ ಬಣ್ಣ ಮಾಸಿದರೆ ಹೊಸ ಜೆಲ್ ಕೊಳವೆಯ ಖರ್ಚಷ್ಟೇ, ಟ್ರೇ ಅದೇ.

ಕುರ್ಚಿಯ ಚಿಕಿತ್ಸೆಯಲ್ಲಿ ಜೆಲ್ಲಿನ ಗಾಢತೆ ಶೇ. 25ರಿಂದ 40. ಮೊದಲು ತುಟಿಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ ಅಗಲಿಸುತ್ತಾರೆ. ವಸಡಿನ ಅಂಚಿಗೆ ರೆಸಿನ್ ಬಳಿದು ಬೆಳಕು ಹಾಯಿಸಿ ಗಟ್ಟಿ ಮಾಡಿ ಕಟ್ಟೆ ಕಟ್ಟುತ್ತಾರೆ. ಹಲ್ಲಿನ ಮೇಲೆ ಜೆಲ್ ಹಚ್ಚಿ ಕಾಲು ಗಂಟೆ ಬಿಟ್ಟು, ಹೀರಿ ತೆಗೆದು, ಮತ್ತೆ ಹಚ್ಚುತ್ತಾರೆ. ಹೀಗೆ ಮೂರು ನಾಲ್ಕು ಸುತ್ತು. ವೈದ್ಯರ ಕೈಯಲ್ಲಿ ಹದಿನಾರು ಛಾಯೆಗಳ ಹಲ್ಲಿನ ಮಾದರಿಗಳ ಪಟ್ಟಿ ಇರುತ್ತದೆ. ಆರಂಭದಲ್ಲೂ ಕೊನೆಯಲ್ಲೂ ಮಾದರಿಯನ್ನು ಹಲ್ಲಿನ ಪಕ್ಕ ಹಿಡಿದು ಎಷ್ಟು ಮೆಟ್ಟಿಲು ಮೇಲೇರಿತು ಎಂದು ತೋರಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಬಿಲ್ಲು ಸಾಮಾನ್ಯವಾಗಿ 400ರಿಂದ 1,000 ಡಾಲರ್.

ಆ ಗಳಿಗೆಯ ಬಿಳುಪು ಪೂರ್ತಿ ಉಳಿಯುವಂಥದ್ದಲ್ಲ. ಅಷ್ಟು ಹೊತ್ತು ಬಾಯಿ ತೆರೆದು ಹಲ್ಲಿನ ತೇವ ಆರಿದ್ದರಿಂದಲೂ ಅದು ಹೆಚ್ಚು ಬೆಳ್ಳಗೆ ಕಾಣುತ್ತದೆ. ಒಂದೆರಡು ವಾರದಲ್ಲಿ ಬಣ್ಣ ತುಸು ಹಿಂದಕ್ಕೆ ಬಂದು ನಿಲ್ಲುತ್ತದೆ. ನೀಲಿ ಬೆಳಕಿನ ಯಂತ್ರ ನೋಡಲು ಭರ್ಜರಿ, ಆದರೆ ಕೊನೆಯ ಫಲಿತಾಂಶಕ್ಕೆ ಅದು ಸೇರಿಸುವುದು ಅತ್ಯಲ್ಪ ಎಂಬುದೇ ಹೆಚ್ಚಿನ ಅಧ್ಯಯನಗಳ ಮಾತು. ಕೆಲವು ವಾರ ಕಾದರೆ ಟ್ರೇಯಿಂದಲೂ ಅಷ್ಟೇ ಬಿಳುಪು ಬರುತ್ತದೆ. ಇಮ್ಮಡಿ ಹಣ ಕೊಡುವುದು ಸಮಯ ಉಳಿಸಲು, ಹೆಚ್ಚಿನ ಬಿಳುಪಿಗಲ್ಲ. ವಾರದೊಪ್ಪತ್ತಿನಲ್ಲಿ ಮದುವೆ ಇರುವವರಿಗೆ ಅದೂ ಬೇಕಾಗಬಹುದು. ಉಳಿದವರಿಗೆ ಟ್ರೇಯೇ ಲೇಸು.

ಬ್ಯೂಟಿ ಪಾರ್ಲರು, ಮಾಲಿನ ಗೂಡಂಗಡಿಗಳಲ್ಲಿ ನೂರು ಡಾಲರಿಗೆ ಹಲ್ಲು ಬೆಳ್ಳಗೆ ಮಾಡುವವರ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಗಿದೆ. ನಾರ್ತ್ ಕ್ಯಾರೊಲಿನಾದ ದಂತವೈದ್ಯ ಮಂಡಳಿ ಇಂಥವರಿಗೆ ಅಂಗಡಿ ಮುಚ್ಚುವಂತೆ 47 ಪತ್ರಗಳನ್ನು ಕಳಿಸಿತು. ಇದು ಪೈಪೋಟಿಯನ್ನು ಹತ್ತಿಕ್ಕುವ ಕ್ರಮ ಎಂದು ಫೆಡರಲ್ ವ್ಯಾಪಾರ ಆಯೋಗ ಆಕ್ಷೇಪಿಸಿತು. 2015ರ ಫೆಬ್ರವರಿ 25ರಂದು ಸುಪ್ರೀಂ ಕೋರ್ಟಿನ 6-3ರ ಬಹುಮತದ ತೀರ್ಪಿನಲ್ಲಿ ಮಂಡಳಿ ಸೋತಿತು. ವೃತ್ತಿಯಲ್ಲಿರುವ ದಂತವೈದ್ಯರೇ ತುಂಬಿರುವ ಮಂಡಳಿ, ಸರ್ಕಾರದ ಮೇಲ್ವಿಚಾರಣೆಯಿಲ್ಲದೆ ಹೀಗೆ ಮಾಡಿದರೆ ಅದಕ್ಕೆ ಕಾನೂನಿನ ರಕ್ಷಣೆಯಿಲ್ಲ ಎಂದಿತು ಕೋರ್ಟು. ಗೂಡಂಗಡಿಯ ಚಿಕಿತ್ಸೆ ಸುರಕ್ಷಿತ ಎಂದು ಅದು ಎಲ್ಲೂ ಹೇಳಲಿಲ್ಲ. ಆ ಪ್ರಶ್ನೆ ಅದರ ಮುಂದಿರಲೂ ಇಲ್ಲ. ಅದೇ ವರ್ಷ ನ್ಯೂಯಾರ್ಕಿನ ನೆರೆಯ ಕನೆಕ್ಟಿಕಟ್ ರಾಜ್ಯದ ಪ್ರಕರಣವೊಂದರಲ್ಲಿ, ಗ್ರಾಹಕರ ಬಾಯಿಗೆ ಎಲ್‌ಇಡಿ ಬೆಳಕು ಹಾಯಿಸುವ ಕೆಲಸವನ್ನು ದಂತವೈದ್ಯರಿಗೇ ಮೀಸಲಿಟ್ಟ ನಿಯಮವನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಯುರೋಪ್ ಒಕ್ಕೂಟ ಇನ್ನೂ ಬಿಗಿ: 2012ರಿಂದ ಶೇ. 0.1ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪು ಸಾಮಗ್ರಿಯನ್ನು ಅಲ್ಲಿ ಗ್ರಾಹಕರು ಅಂಗಡಿಯಲ್ಲಿ ನೇರವಾಗಿ ಕೊಳ್ಳುವಂತಿಲ್ಲ, ಶೇ. 6ರವರೆಗಿನದು ದಂತವೈದ್ಯರ ಮೂಲಕವೇ, ಹದಿನೆಂಟರ ಒಳಗಿನವರಿಗೆ ಇಲ್ಲವೇ ಇಲ್ಲ.

ಅಪಾಯಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ತಣ್ಣೀರು ತಗುಲಿದರೆ ಹಲ್ಲು ಜುಂ ಎನ್ನುವುದು. ಚಿಕಿತ್ಸೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಮೊದಲೇ ಕೆಲವು ವಾರ ಬಳಸಿದರೆ ಕಡಿಮೆಯಾಗುತ್ತದೆ. ಹುಳುಕು ಇದ್ದಾಗ, ಹಲ್ಲು ಬಿರುಕು ಬಿಟ್ಟಿದ್ದಾಗ ಪೆರಾಕ್ಸೈಡ್ ನೇರ ನರದ ಕಡೆಗೆ ಇಳಿದು ನೋವು ಕೊಡುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದು ಒಳ್ಳೆಯದು. ಕ್ಯಾಪು, ಫಿಲ್ಲಿಂಗು, ವಿನೀರ್‌ಗಳಿಗೆ ಬಿಳುಪು ಹತ್ತುವುದಿಲ್ಲ. ಮುಂದಿನ ಹಲ್ಲಿಗೆ ಹಳೆಯ ಕ್ಯಾಪ್ ಇದ್ದವರು ಸುತ್ತಲಿನ ಹಲ್ಲುಗಳನ್ನು ಬೆಳ್ಳಗೆ ಮಾಡಿಸಿಕೊಂಡರೆ ಆ ಒಂದೇ ಹಲ್ಲು ಹಳದಿಯಾಗಿ ಉಳಿದು, ಸಾವಿರ ಡಾಲರ್ ಮೇಲೆ ಕೊಟ್ಟು ಹೊಸ ಕ್ಯಾಪ್ ಹಾಕಿಸಬೇಕಾಗುತ್ತದೆ. ಮುಂದಿನ ಹಲ್ಲಿಗೆ ಹೊಸ ಫಿಲ್ಲಿಂಗ್ ಬೇಕಿದ್ದರೂ ಬಿಳುಪು ಮುಗಿದು ಎರಡು ವಾರ ಕಾಯಬೇಕು. ಇಲ್ಲದಿದ್ದರೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ಬಿದ್ದ ಪೆಟ್ಟಿಗೋ ರೂಟ್ ಕೆನಾಲ್ ಆದ ಮೇಲೋ ಒಂದೇ ಹಲ್ಲು ಕಪ್ಪಾಗಿದ್ದರೆ ಪಟ್ಟಿ, ಟ್ರೇ ಯಾವುದೂ ಸರಿಯಾದ ಮದ್ದಲ್ಲ. ರೂಟ್ ಕೆನಾಲ್ ಆದ ಹಲ್ಲಿನೊಳಗೇ ಔಷಧವಿಟ್ಟು ಕೆಲವು ದಿನ ಮುಚ್ಚುವ ಬೇರೆ ಚಿಕಿತ್ಸೆ ಅದಕ್ಕಿದೆ.

ಸೌತ್ ಬ್ರನ್ಸ್‌ವಿಕ್ ಹೈಸ್ಕೂಲು ಇರುವುದು ಮಾನ್ಮತ್ ಜಂಕ್ಷನ್‌ನಲ್ಲೇ. ಶಾಲೆಯ ನೃತ್ಯಕೂಟವಾದ ಪ್ರಾಮ್ ಸಂಜೆ ಹತ್ತಿರವಾದರೆ ಮಕ್ಕಳು ಪಟ್ಟಿ ಕೊಡಿಸಿ ಎಂದು ಹಟ ಹಿಡಿಯುವುದು ಸಹಜ. ಹಾಲುಹಲ್ಲು ಪೂರ್ತಿ ಬೀಳದ ಮಕ್ಕಳಿಗೆ ಎಲ್ಲ ಹಲ್ಲುಗಳ ಬಿಳುಪು ಬೇಡ ಎನ್ನುತ್ತದೆ ಅಮೆರಿಕದ ಮಕ್ಕಳ ದಂತವೈದ್ಯ ಅಕಾಡೆಮಿ. ಹದಿಹರೆಯದವರಿಗೂ ವೈದ್ಯರನ್ನು ಕೇಳದೆ ಕೊಡಿಸಬಾರದು. ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತಂದು ಹತ್ತಿಯಲ್ಲಿ ನೇರ ಹಚ್ಚುವ ವಿಡಿಯೋಗಳನ್ನು ನೋಡಿ ಮಾಡುವವರಿದ್ದಾರೆ. ಅದನ್ನು ಮಾತ್ರ ತಂದೆತಾಯಿ ಕಟ್ಟುನಿಟ್ಟಾಗಿ ತಡೆಯಬೇಕು.

ದುಡ್ಡಿನ ಇನ್ನೊಂದು ಮಗ್ಗುಲು. ಬಿಳುಪು ಅಂದದ ಚಿಕಿತ್ಸೆಯಾದ್ದರಿಂದ ಡೆಂಟಲ್ ವಿಮೆ ಸಾಮಾನ್ಯವಾಗಿ ಒಂದು ಡಾಲರನ್ನೂ ಕೊಡುವುದಿಲ್ಲ. ತೆರಿಗೆ ಉಳಿಸಲೆಂದು ಕಂಪನಿಯ ಮೂಲಕ ಆರೋಗ್ಯದ ಖಾತೆಯಲ್ಲಿ ಹಣ ಇಟ್ಟವರು ಅದನ್ನು ಇಲ್ಲಿ ಬಳಸಬಹುದು ಎಂದುಕೊಳ್ಳುವುದುಂಟು. ಅದೂ ಆಗುವುದಿಲ್ಲ; ವಯಸ್ಸಿನಿಂದ ಬಣ್ಣಗೆಟ್ಟ ಹಲ್ಲನ್ನು ಬೆಳ್ಳಗೆ ಮಾಡಿಸಿದ ಖರ್ಚು ವೈದ್ಯಕೀಯ ಖರ್ಚಲ್ಲ ಎಂದು ಅಮೆರಿಕದ ತೆರಿಗೆ ಇಲಾಖೆಯ 502ನೇ ಪ್ರಕಟಣೆ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸಿಕೊಂಡು ಬರುವವರು ಬಹಳ. ಅಲ್ಲಿ ಕುರ್ಚಿಯ ಚಿಕಿತ್ಸೆಗೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಲೆಕ್ಕ ಸರಿಯೇ, ಆದರೆ ವಿಮಾನ ಇಳಿದ ಮೊದಲ ವಾರದಲ್ಲೇ ಮಾಡಿಸಬೇಕು. ಹೊರಡುವ ಹಿಂದಿನ ದಿನ ಮಾಡಿಸಿಕೊಂಡರೆ ಹಲ್ಲು ನೊಂದಾಗ ನೋಡಿದ ವೈದ್ಯರು ಎಂಟು ಸಾವಿರ ಮೈಲಿ ದೂರದಲ್ಲಿರುತ್ತಾರೆ. ಚಿಕಿತ್ಸೆಯ ನಂತರ ಒಂದೆರಡು ದಿನ ಕಾಫಿ, ಹುಳಿ, ಅರಿಸಿನ, ಬೀಟ್‌ರೂಟ್ ಪಲ್ಯ ಬಿಡಿ ಎಂದು ವೈದ್ಯರು ಹೇಳುತ್ತಾರೆ. ನೆಂಟರ ಮನೆಯ ಊಟದ ಸರದಿಯ ನಡುವೆ ಅದನ್ನು ಪಾಲಿಸುವುದು ಸುಲಭವಲ್ಲ.

ಊರಿಂದ ಆರು ತಿಂಗಳಿಗೆ ಬಂದ ಅಪ್ಪ-ಅಮ್ಮನ ಹಲ್ಲಿನ ವಿಚಾರ ಬೇರೆ. ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದವರ ಬಾಯಲ್ಲಿ ನೋಡಬೇಕಾದದ್ದು ಹಲ್ಲಿನ ಬಣ್ಣಕ್ಕಿಂತ ಮೊದಲು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ತೇಪೆ, ಬಾಯಿ ತೆರೆಯಲು ಬಿಗಿತ ಇವು ಕಂಡರೆ ಬಿಳುಪಿನ ಮಾತು ಬದಿಗಿಟ್ಟು ತಕ್ಷಣ ತೋರಿಸಬೇಕು.

ಬಿಳುಪಿನ ಆಸೆ ತಪ್ಪಲ್ಲ. ಸಂಕೋಚವಿಲ್ಲದೆ ನಗುವುದು ಎಲ್ಲರಿಗೂ ಬೇಕು. ನಿರ್ಧರಿಸಿದ್ದರೆ ಮೊದಲು ವಿಮೆಯ ಕ್ಲೀನಿಂಗ್ ಮತ್ತು ತಪಾಸಣೆ ಮುಗಿಸಿ, ಕಲೆ ಯಾವ ಬಗೆಯದೆಂದು ಕೇಳಿ, ಕ್ಯಾಪು-ಫಿಲ್ಲಿಂಗ್‌ಗಳ ಲೆಕ್ಕ ಹೇಳಿ, ಆಮೇಲೆ ದರ ಮಾತಾಡಿ. ಚಿಕಿತ್ಸೆ ಕೊಡುವವರಿಗೆ ಪರವಾನಗಿ ಇದೆಯೇ ಎಂಬುದನ್ನು ನ್ಯೂಜೆರ್ಸಿಯ ಗ್ರಾಹಕ ವ್ಯವಹಾರ ವಿಭಾಗದ ಜಾಲತಾಣದಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು; ಅದಕ್ಕೆ ಶುಲ್ಕವಿಲ್ಲ.